ಬಾಕ್ಸ್ ಅಲ್ಲ, ನಂಬರ್ ನೋಡಿ: ಕಾರಿಗೆ ಸರಿಯಾದ ಸ್ಪಾರ್ಕ್ ಪ್ಲಗ್ ಆರಿಸುವ, ಹಾಕುವ ಪೂರ್ತಿ ವಿಧಾನ

ನನ್ನ ಟೂಲ್ ಡಬ್ಬಿಯ ಮೂಲೆಯಲ್ಲಿ ಎರಡು ಹಳೇ ಸ್ಪಾರ್ಕ್ ಪ್ಲಗ್ ಇವೆ. ಅಕ್ಕಪಕ್ಕ ಹಿಡಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಥ್ರೆಡ್ಡಿನ ದಪ್ಪ ಎರಡಕ್ಕೂ 14 ಮಿ.ಮೀ. ಸಾಕೆಟ್ ಕೂರುವ ಆರು ಮೂಲೆಯ ಜಾಗ ಎರಡಕ್ಕೂ 16 ಮಿ.ಮೀ. ಥ್ರೆಡ್ಡಿನ ಉದ್ದ ಮಾತ್ರ ಬೇರೆ. ಒಂದರದು 26.5 ಮಿ.ಮೀ., ಇನ್ನೊಂದರದು 19.

ಉದ್ದದ್ದು ನನ್ನ ಕಾರಿನದು. ಗಿಡ್ಡದ್ದು ನಾನು ಟೋಪಿ ಹಾಕಿಸಿಕೊಂಡದ್ದು. “ಎಲ್ಲಾ ಪೆಟ್ರೋಲ್ ಗಾಡಿಗೂ ಆಗುತ್ತೆ ಸಾರ್, ಇರಿಡಿಯಂ. ಪಿಕಪ್ ಹೆಂಗೆ ಬರುತ್ತೆ ನೋಡಿ” ಎಂದರು ಅಂಗಡಿಯವರು. ಬಾಕ್ಸ್ ಚೆನ್ನಾಗಿತ್ತು. ತಂದೆ, ಹಾಕಿದೆ, ಕೂತಿತು, ಗಾಡಿ ಸ್ಟಾರ್ಟೂ ಆಯಿತು. ಆದರೆ ಸಿಗ್ನಲ್‌ನಲ್ಲಿ ನಿಂತರೆ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಹೊಸ ಪ್ಲಗ್ ಅಲ್ವಾ, ಸರಿಹೋಗುತ್ತದೆ ಅಂದುಕೊಂಡು ಎರಡು ತಿಂಗಳು ಓಡಿಸಿದೆ. ಕೊನೆಗೆ ಅದನ್ನು ಬಿಚ್ಚಿ ಸರಿಯಾದ ಪ್ಲಗ್ ಹಾಕಲು ಹೋದರೆ ಅದು ಪೂರ್ತಿ ಇಳಿಯಲೇ ಇಲ್ಲ. ಗಿಡ್ಡ ಪ್ಲಗ್ ಮುಟ್ಟದೆ ಬಿಟ್ಟಿದ್ದ ಏಳೂವರೆ ಮಿಲಿಮೀಟರ್ ಥ್ರೆಡ್ಡಿನಲ್ಲಿ ಮಸಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಅದನ್ನು ಬಿಡಿಸಲು ನಮ್ಮ ಮೆಕ್ಯಾನಿಕ್‌ಗೆ ಅರ್ಧ ದಿನ ಹಿಡಿಯಿತು. ಪ್ಲಗ್ಗಿನ ದುಡ್ಡಿಗಿಂತ ಕೂಲಿಯೇ ಜಾಸ್ತಿ ಆಯಿತು.

ಅಂಗಡಿಯವರನ್ನು ಬೈಯುವುದು ಸುಲಭ. ಆದರೆ ನಾನು ಬಾಕ್ಸ್ ನೋಡಿದ್ದೆ, ಪ್ಲಗ್ಗಿನ ಮೇಲಿದ್ದ ನಂಬರ್ ನೋಡಿರಲಿಲ್ಲ. ಬೇಕಾದದ್ದೆಲ್ಲ ಅದರಲ್ಲೇ ಬರೆದಿತ್ತು.

## ಮೊದಲು, ಪ್ಲಗ್ಗೇ ಕಾರಣವಾ?

ಡೀಸೆಲ್ ಕಾರಿನವರು ಇಲ್ಲಿಗೇ ನಿಲ್ಲಿಸಬಹುದು. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಅದರಲ್ಲಿರುವುದು ಗ್ಲೋ ಪ್ಲಗ್. ಅದು ಚಳಿಯಲ್ಲಿ ಸ್ಟಾರ್ಟ್ ಆಗಲು ಒಳಗೆ ಬಿಸಿ ಮಾಡುವ ಸಾಮಾನು, ಕಿಡಿ ಹಾರಿಸುವುದಿಲ್ಲ.

ಪೆಟ್ರೋಲ್ ಕಾರಿನಲ್ಲಿ ಪ್ಲಗ್ ಸವೆದಾಗ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ನಿಂತಲ್ಲಿ ನಡುಗುತ್ತದೆ. ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಜರ್ಕ್ ಹೊಡೆಯುತ್ತದೆ. ಸಮತಟ್ಟು ರಸ್ತೆಯಲ್ಲಿ ಗೊತ್ತೇ ಆಗದ ಮಿಸ್ಸಿಂಗ್ (ಸಿಲಿಂಡರ್‌ನಲ್ಲಿ ಬೆಂಕಿ ಹತ್ತದೆ ತಪ್ಪುವುದು) ಏರಿನಲ್ಲಿ ಗೊತ್ತಾಗಲು ಕಾರಣ ಇದೆ. ಲೋಡ್ ಜಾಸ್ತಿ ಆದಾಗ ಸಿಲಿಂಡರ್ ಒಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸವೆದ ಪ್ಲಗ್ ಅಲ್ಲಿ ಕೈಕೊಡುತ್ತದೆ.

ಆದರೆ ಇದೇ ಲಕ್ಷಣ ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್ ಕೆಟ್ಟರೂ ಬರುತ್ತದೆ. ಚೆಕ್ ಎಂಜಿನ್ ಲೈಟ್ ಉರಿದಿದ್ದರೆ ಸ್ಕ್ಯಾನರ್ ಹಾಕಿಸಿ. ಪಿ0302 ಅಂತ ಬಂದರೆ ಎರಡನೇ ಸಿಲಿಂಡರ್ ಮಿಸ್ ಆಗುತ್ತಿದೆ ಎಂದರ್ಥ. ಎರಡನೆಯದರ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಎರಡಕ್ಕೆ ಹಾಕಿ. ಕೋಡ್ ಪಿ0303ಕ್ಕೆ ಓಡಿಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಆಗ ಪ್ಲಗ್ ಅದಲುಬದಲು ಮಾಡಿ ನೋಡಿ. ಖರ್ಚಿಲ್ಲದ ಪರೀಕ್ಷೆ ಇದು. ಲೈಟ್ ಮಿನುಗುತ್ತಿದ್ದರೆ ಮಾತ್ರ ಪರೀಕ್ಷೆ ಅಂತ ಊರೆಲ್ಲ ಸುತ್ತಬೇಡಿ. ಉರಿಯದ ಪೆಟ್ರೋಲ್ ಹೋಗಿ ಸೈಲೆನ್ಸರ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನೂ ಸುಟ್ಟುಹಾಕುತ್ತದೆ.

## ನಿಮ್ಮ ಕಾರಿನ ನಂಬರ್ ಹುಡುಕುವುದು

ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲಿ ಇನ್ಷೂರೆನ್ಸ್ ಕಾಗದದ ಕೆಳಗೆ ಬಿದ್ದಿರುವ ಓನರ್ಸ್ ಮ್ಯಾನ್ಯುಯಲ್ ತೆಗೆಯಿರಿ. ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ, ಎಂಜಿನ್ ಆಯಿಲ್, ಟೈರ್ ಗಾಳಿಯ ವಿವರ ಇರುವ ಕಡೆ ಪ್ಲಗ್ ನಂಬರ್ ಮತ್ತು ಗ್ಯಾಪ್ (ತುದಿಯಲ್ಲಿ ಕಿಡಿ ಹಾರುವ ಸಂದಿನ ಅಳತೆ) ಇರುತ್ತದೆ. ಒಂದೊಂದು ಕಾರಿಗೆ ಎರಡು ಕಂಪನಿಯ ನಂಬರ್ ಕೊಟ್ಟಿರುತ್ತಾರೆ. ಯಾವುದಾದರೂ ನಡೆಯುತ್ತದೆ.

ಮ್ಯಾನ್ಯುಯಲ್ ಕಳೆದುಹೋಗಿದ್ದರೆ ಪ್ಲಗ್ ಕಂಪನಿಗಳ ಕ್ಯಾಟಲಾಗ್ ಇದೆ. ಅಲ್ಲಿ ಕಾರಿನ ಹೆಸರು ಮಾತ್ರ ಕೊಟ್ಟು ಸುಮ್ಮನಾಗಬೇಡಿ. ಒಂದೇ ಹೆಸರಿನ ಕಾರಿಗೆ ವರ್ಷ ಬದಲಾದಂತೆ ಎಂಜಿನ್ ಬದಲಾಗಿರುತ್ತದೆ. ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು, ವರ್ಷ, ಎಂಜಿನ್ ಸಿಸಿ ಮೂರನ್ನೂ ಹೊಂದಿಸಿ ನೋಡಿ.

ಮೂರನೇ ದಾರಿ, ಈಗ ಎಂಜಿನ್‌ನಲ್ಲಿರುವ ಪ್ಲಗ್ ಬಿಚ್ಚಿ ಅದರ ಪಿಂಗಾಣಿಯ ಮೇಲಿನ ನಂಬರ್ ಓದುವುದು. ಇದನ್ನು ನಾನು ಕೊನೆಗೆ ಇಟ್ಟಿದ್ದೇನೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಿಂದಿನ ಮಾಲೀಕರು ಯಾವ ಅಂಗಡಿಯವರ ಮಾತು ಕೇಳಿದ್ದರೋ ಯಾರಿಗೆ ಗೊತ್ತು!

ಎಷ್ಟು ಪ್ಲಗ್ ಬೇಕು ಅಂತಲೂ ನೋಡಿಕೊಳ್ಳಿ. ಸಿಲಿಂಡರ್‌ಗೆ ಒಂದು ಎಂಬುದು ಸಾಮಾನ್ಯ ಲೆಕ್ಕ. ಆದರೆ ಹಳೇ ಹೋಂಡಾ ಸಿಟಿಯ ಐ-ಡಿಎಸ್‌ಐ ಎಂಜಿನ್‌ನಲ್ಲಿ ಒಂದು ಸಿಲಿಂಡರ್‌ಗೆ ಎರಡು, ಒಟ್ಟು ಎಂಟು. ನಾಲ್ಕು ತಂದು ಮುಂದಿನ ಸಾಲು ಬದಲಿಸಿ, ಹಿಂದಿನ ಸಾಲನ್ನು ವರ್ಷಗಟ್ಟಲೆ ಮುಟ್ಟದ ಗಾಡಿಗಳು ಎಷ್ಟೋ.

## ನಂಬರ್ ಬಿಡಿಸಿ ಓದುವುದು

ಎನ್‌ಜಿಕೆ ಕಂಪನಿಯ ಒಂದು ತುಂಬಾ ಸಾಮಾನ್ಯ ಪ್ಲಗ್ ತೆಗೆದುಕೊಳ್ಳೋಣ: ಬಿಕೆಆರ್6ಇ-11. ಇದು ನಿಮ್ಮ ಕಾರಿನದೇ ಅಂತಲ್ಲ, ಓದುವುದು ಹೇಗೆ ಅಂತ ತೋರಿಸಲು.

ಶುರುವಿನ ‘ಬಿಕೆ’ ಅಂದರೆ ಥ್ರೆಡ್ ದಪ್ಪ 14 ಮಿ.ಮೀ., ಬಿಚ್ಚಲು ಬೇಕಾದ ಸಾಕೆಟ್ 16 ಮಿ.ಮೀ. ‘ಆರ್’ ಅಂದರೆ ಒಳಗೆ ರೆಸಿಸ್ಟರ್ ಇದೆ. ‘6’ ಹೀಟ್ ರೇಂಜ್, ಅದನ್ನು ಮುಂದೆ ನೋಡೋಣ. ‘ಇ’ ಅಂದರೆ ಥ್ರೆಡ್ ಉದ್ದ 19 ಮಿ.ಮೀ. ಕೊನೆಯ ‘11’ ಅಂದರೆ ಗ್ಯಾಪ್ 1.1 ಮಿ.ಮೀ. ನನ್ನ ಕಥೆಯಲ್ಲಿ ಕೈಕೊಟ್ಟದ್ದು ಆ ‘ಇ’ ಎಂಬ ಒಂದಕ್ಷರ.

ಥ್ರೆಡ್ ದಪ್ಪ ತಪ್ಪಿದರೆ ಪ್ಲಗ್ ಕೂರುವುದೇ ಇಲ್ಲ, ಹಾಗಾಗಿ ಅಪಾಯ ಕಡಿಮೆ. ಉದ್ದ ತಪ್ಪಿದರೆ ಕೂರುತ್ತದೆ, ಅದೇ ಕಷ್ಟ. ಗಿಡ್ಡ ಆದರೆ ಕಿಡಿ ಗುಳಿಯೊಳಗೆ ಹಾರುತ್ತದೆ, ಪೆಟ್ರೋಲ್ ಗಾಳಿಯ ಮಿಶ್ರಣಕ್ಕೆ ಸರಿಯಾಗಿ ಬೆಂಕಿ ಹತ್ತುವುದಿಲ್ಲ. ಉದ್ದ ಆದರೆ ತುದಿ ಒಳಗೆ ಚಾಚಿಕೊಂಡು ಪಿಸ್ಟನ್‌ಗೋ ವಾಲ್ವ್‌ಗೋ ಬಡಿಯಬಹುದು. ಆಗ ಹೋಗುವುದು ಪ್ಲಗ್ ಅಲ್ಲ, ಎಂಜಿನ್.

ಹೊಸ ಎಂಜಿನ್‌ಗಳಲ್ಲಿ ಪ್ಲಗ್ ಸಣಕಲಾಗುತ್ತಾ ಬಂದಿದೆ. 12 ಮಿ.ಮೀ. ಥ್ರೆಡ್, 14 ಮಿ.ಮೀ. ಸಾಕೆಟ್ ಈಗ ಮಾಮೂಲು. ವಾಲ್ವ್‌ಗಳಿಗೆ, ನೀರು ಓಡಾಡುವ ದಾರಿಗೆ ಪ್ಲಗ್ ಕೂರುವ ಎಂಜಿನ್ ಮೇಲ್ಭಾಗದಲ್ಲಿ, ಅಂದರೆ ಹೆಡ್‌ನಲ್ಲಿ ಜಾಗ ಬೇಕು, ಅದಕ್ಕೆ.

ರೆಸಿಸ್ಟರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸುಮಾರು 5 ಕಿಲೋ ಓಮ್‌ನ ಪುಟ್ಟ ತಡೆ ಅದು. ಇಲ್ಲದಿದ್ದರೆ ಕಿಡಿಯಿಂದ ಏಳುವ ರೇಡಿಯೊ ಗದ್ದಲ ಎಫ್‌ಎಂನಲ್ಲಿ ಕರಕರ ಎನ್ನುತ್ತದೆ. ಎಂಜಿನ್ ಕಂಪ್ಯೂಟರ್‌ನ ತಲೆಯನ್ನೂ ಕೆಡಿಸಬಹುದು. ಮ್ಯಾನ್ಯುಯಲ್‌ನಲ್ಲಿ ಆರ್ ಇದ್ದರೆ ಆರ್ ಇರುವುದನ್ನೇ ತನ್ನಿ, ಮುಗಿಯಿತು.

## ಹೀಟ್ ರೇಂಜ್: ಎಲ್ಲರೂ ಎಡವುವ ಜಾಗ

“ಹಾಟ್ ಪ್ಲಗ್ ಹಾಕಿ, ಕಿಡಿ ಜೋರಾಗಿ ಬರುತ್ತದೆ” ಎಂಬ ಮಾತು ಎಲ್ಲಾ ಊರಲ್ಲೂ ಕೇಳಿದ್ದೇನೆ. ಸುಳ್ಳು. ಹಾಟ್, ಕೋಲ್ಡ್ ಎರಡರಲ್ಲೂ ಹಾರುವುದು ಅದೇ ಕಿಡಿ. ವ್ಯತ್ಯಾಸ ಇರುವುದು ಪ್ಲಗ್ಗಿನ ತುದಿಯ ಬಿಸಿ ಎಷ್ಟು ಬೇಗ ಹೆಡ್‌ಗೆ ಇಳಿದು ಹೋಗುತ್ತದೆ ಎಂಬುದರಲ್ಲಿ.

ಪ್ಲಗ್ ತಲೆಕೆಳಗು ಮಾಡಿ ತುದಿಯೊಳಗೆ ನೋಡಿ. ನಡುವಿನ ಕಡ್ಡಿಯ ಸುತ್ತ ಬಿಳಿ ಪಿಂಗಾಣಿಯ ಮೂಗು ಕಾಣುತ್ತದೆ. ಆ ಮೂಗು ಉದ್ದ ಇದ್ದರೆ ಬಿಸಿ ದೂರ ಸುತ್ತಿಕೊಂಡು ಹೊರಗೆ ಹೋಗಬೇಕು, ತುದಿ ಬಿಸಿಯಾಗೇ ಉಳಿಯುತ್ತದೆ. ಅದು ಹಾಟ್ ಪ್ಲಗ್. ಮೂಗು ಗಿಡ್ಡ ಇದ್ದರೆ ಬಿಸಿ ಬೇಗ ಇಳಿಯುತ್ತದೆ, ಅದು ಕೋಲ್ಡ್. ಬಿಸಿ ಚಹಾದೊಳಗೆ ಸ್ಟೀಲ್ ಚಮಚ ಬಿಟ್ಟು ಹಿಡಿಯನ್ನು ಮುಟ್ಟಿದ ಹಾಗೆ. ಚಮಚ ಎಷ್ಟು ಉದ್ದ ಎಂಬುದರ ಮೇಲೆ ಕೈ ಸುಡುವುದು ನಿಂತಿದೆ.

ತುದಿಗೆ ಒಂದು ಹದ ಬೇಕು. ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕೂತ ಮಸಿ ತಾನಾಗೇ ಸುಟ್ಟುಹೋಗುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಮಸಿ ಕಟ್ಟಿ, ಕರೆಂಟ್ ಗ್ಯಾಪ್ ಹಾರುವ ಬದಲು ಮಸಿಯ ಮೇಲೆ ಹರಿದು ಸೋರಿಹೋಗುತ್ತದೆ. 850 ಡಿಗ್ರಿ ಆಸುಪಾಸು ದಾಟಿತೋ, ಕಿಡಿ ಬರುವ ಮೊದಲೇ ಕೆಂಪಗೆ ಕಾದ ತುದಿಯೇ ಪೆಟ್ರೋಲ್‌ಗೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುತ್ತದೆ, ಬೆಂಕಿ ಕೆಳಗೆ ತಳ್ಳುತ್ತದೆ. ಪಿಸ್ಟನ್ ತೂತಾಗುವುದು ಹೀಗೆ.

ಒಂದು ನಂಬರ್ ಹೆಚ್ಚು ಕಡಿಮೆ ಆದರೆ ತುದಿಯ ಬಿಸಿ 70ರಿಂದ 100 ಡಿಗ್ರಿಯಷ್ಟು ಬದಲಾಗುತ್ತದೆ. ಹಾಗಾಗಿ ‘ಒಂದೇ ನಂಬರ್ ತಾನೆ’ ಅನ್ನುವಂತಿಲ್ಲ.

ಇನ್ನು ಮಜಾ ಏನೆಂದರೆ ಎಲ್ಲಾ ಕಂಪನಿಗಳೂ ಒಂದೇ ದಿಕ್ಕಿನಲ್ಲಿ ಎಣಿಸುವುದಿಲ್ಲ. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ನಂಬರ್ ಏರಿದಷ್ಟೂ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ನಂಬರ್ ಏರಿದಷ್ಟೂ ಹಾಟ್. ಎನ್‌ಜಿಕೆಯ 6ಕ್ಕೆ ಡೆನ್ಸೊದಲ್ಲಿ ಹತ್ತಿರದ್ದು 20, ಬಾಷ್‌ನಲ್ಲಿ 7. ಎನ್‌ಜಿಕೆಯ 5ಕ್ಕೆ ಡೆನ್ಸೊದಲ್ಲಿ 16, ಬಾಷ್‌ನಲ್ಲಿ 8. “ಹಳೇದು 6 ಇತ್ತು, ಅದಕ್ಕೆ ಬಾಷ್ 6 ಕೊಡಿ” ಅಂದರೆ ಬೇಡದ್ದು ಕೈಗೆ ಬರುತ್ತದೆ. ಕಂಪನಿ ಬದಲಿಸುವಾಗ ಕ್ಯಾಟಲಾಗ್‌ನಲ್ಲಿ ಸಮಾನ ನಂಬರ್ ನೋಡಿಯೇ ತನ್ನಿ. ನಮ್ಮ ಕಡೆ ವಯಸ್ಸಾದ ಮೆಕ್ಯಾನಿಕ್‌ಗಳು ಬಾಷ್ ಪ್ಲಗ್ಗಿಗೆ ಇವತ್ತಿಗೂ ‘ಮೈಕೋ ಪ್ಲಗ್’ ಅಂತಲೇ ಹೇಳುತ್ತಾರೆ. ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 1951ರಲ್ಲಿ ಹುಟ್ಟಿದ್ದು, ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡದ್ದು 2008ರಲ್ಲಿ. ಬೋರ್ಡ್ ಬದಲಾಯಿತು, ಬಾಯಿಮಾತು ಬದಲಾಗಲಿಲ್ಲ.

ಕಂಪನಿ ಹೇಳಿದ ಹೀಟ್ ರೇಂಜ್ ಬಿಟ್ಟು ಬೇರೆ ಹಾಕಬೇಕಾಗುವುದು ಯಾವಾಗ? ಎಂಜಿನ್‌ಗೆ ಹೊರಗಿನಿಂದ ಟರ್ಬೊ ಕೂರಿಸಿದ್ದರೆ, ರೇಸ್‌ಗೆ ಟ್ಯೂನ್ ಮಾಡಿದ್ದರೆ. ಆಫೀಸಿಗೆ ಹೋಗಿಬರುವ ಗಾಡಿಗೆ ಯಾವತ್ತೂ ಇಲ್ಲ.

## ನಿಕಲ್, ಪ್ಲಾಟಿನಂ, ಇರಿಡಿಯಂ

ಅಂಗಡಿಯಲ್ಲಿ ‘ಕಾಪರ್ ಪ್ಲಗ್’ ಅಂತ ಕೊಡುವುದರ ಕಿಡಿ ಹಾರುವ ತುದಿ ತಾಮ್ರದ್ದಲ್ಲ, ನಿಕಲ್ ಮಿಶ್ರಲೋಹದ್ದು. ತಾಮ್ರ ಒಳಗಿರುತ್ತದೆ, ಬಿಸಿ ಇಳಿಸಲು.

ನಿಕಲ್ 1455 ಡಿಗ್ರಿಗೆ ಕರಗುತ್ತದೆ. ಪ್ಲಾಟಿನಂ 1768ಕ್ಕೆ. ಇರಿಡಿಯಂ 2446ಕ್ಕೆ. ಇರಿಡಿಯಂ ಅಷ್ಟು ಗಟ್ಟಿ ಇರುವುದರಿಂದ ನಡುವಿನ ಕಡ್ಡಿಯನ್ನು 0.4ರಿಂದ 0.6 ಮಿ.ಮೀ.ನಷ್ಟು ಸಣ್ಣದಾಗಿ ಮಾಡಬಹುದು. ನಿಕಲ್ ಪ್ಲಗ್ಗಿನಲ್ಲಿ ಅದು 2.5 ಮಿ.ಮೀ. ದಪ್ಪ. ತುದಿ ಚೂಪಾದಷ್ಟೂ ಕಿಡಿ ಕಡಿಮೆ ವೋಲ್ಟೇಜ್‌ನಲ್ಲಿ ಹಾರುತ್ತದೆ, ಕಾಯಿಲ್ ಮೇಲಿನ ಭಾರವೂ ಇಳಿಯುತ್ತದೆ.

ಸವೆತ ಎಷ್ಟು ಅಂತ ಒಂದು ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ, 2000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ 2000 ಸುತ್ತು) ಹೋಗುತ್ತಿದ್ದೀರಿ. ಎರಡು ಸುತ್ತಿಗೆ ಒಂದು ಕಿಡಿ, ಅಂದರೆ ನಿಮಿಷಕ್ಕೆ ಸಾವಿರ. ನಿಮಿಷಕ್ಕೆ ಒಂದು ಕಿಲೋಮೀಟರ್ ಸಾಗುತ್ತೀರಿ. 40,000 ಕಿ.ಮೀ. ಆಗುವಷ್ಟರಲ್ಲಿ ಒಂದೊಂದು ಪ್ಲಗ್ ನಾಲ್ಕು ಕೋಟಿ ಸಲ ಕಿಡಿ ಹಾರಿಸಿರುತ್ತದೆ. ಪ್ರತಿ ಸಲವೂ ಲೋಹದ ಒಂದು ಚೂರು ಹೋಗುತ್ತದೆ. ನಿಕಲ್ ಪ್ಲಗ್ಗಿನ ಗ್ಯಾಪ್ ಸಾವಿರ ಕಿ.ಮೀ.ಗೆ ಸುಮಾರು 0.01 ಮಿ.ಮೀ. ಅಗಲವಾಗುತ್ತದೆ ಅಂತ ಇಟ್ಟುಕೊಳ್ಳಿ. 1.1 ಇದ್ದದ್ದು 40,000ಕ್ಕೆ 1.5 ಆಗಿರುತ್ತದೆ. ಅಷ್ಟು ದೂರ ಹಾರಲು ಹಳೇ ಕಾಯಿಲ್ ಏದುಸಿರು ಬಿಡುತ್ತದೆ.

ಹಾಗಾದರೆ ಯಾವುದು ತರಬೇಕು? ಕಂಪನಿಯಿಂದ ಇರಿಡಿಯಂ ಬಂದಿದ್ದರೆ ಇರಿಡಿಯಂ ಮಾತ್ರ. ದುಡ್ಡು ಉಳಿಸಲು ನಿಕಲ್ ಹಾಕಬೇಡಿ. ಲಕ್ಷ ಕಿಲೋಮೀಟರ್ ಬಿಚ್ಚುವುದಿಲ್ಲ ಎಂಬ ಲೆಕ್ಕದಲ್ಲಿ ಮಾಡಿದ ಎಂಜಿನ್‌ಗಳಲ್ಲಿ ಪ್ಲಗ್ ಒಂದೊಂದು ಸಲ ಎಂಜಿನ್‌ಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಅಡಗಿ ಕೂತಿರುತ್ತದೆ. ಪ್ರತಿ ಸಲ ಬಿಚ್ಚುವ ಕೂಲಿ ಯಾರು ಕೊಡುತ್ತಾರೆ?

ಕಂಪನಿಯಿಂದ ನಿಕಲ್ ಬಂದಿದ್ದು, ಬಾನೆಟ್ ಎತ್ತಿದರೆ ಪ್ಲಗ್ ಕೈಗೆ ಸಿಗುವಂತಿದ್ದರೆ, ನನ್ನ ಮಟ್ಟಿಗೆ ನಿಕಲ್ಲೇ ಸಾಕು. ಮ್ಯಾನ್ಯುಯಲ್ ಹೇಳಿದ ಕಿಲೋಮೀಟರ್‌ಗೆ ಸರಿಯಾಗಿ ಬದಲಿಸಿದರಾಯಿತು. ಇರಿಡಿಯಂಗೆ ಮೂರು ನಾಲ್ಕು ಪಟ್ಟು ಬೆಲೆ. ಅದನ್ನು ಹಾಕಿದ ಮರುದಿನ ಗಾಡಿ ಹಗುರವಾಗಿ ಓಡಿತು ಅನ್ನುವವರು ಬಿಚ್ಚಿದ ಹಳೇ ಪ್ಲಗ್ ಎಷ್ಟು ಸವೆದಿತ್ತು ಅಂತ ಹೇಳುವುದಿಲ್ಲ. ಹೊಸ ನಿಕಲ್ ಹಾಕಿದ್ದರೂ ಅಷ್ಟೇ ಹಗುರವಾಗಿ ಓಡುತ್ತಿತ್ತು.

ಇರಿಡಿಯಂನಲ್ಲೂ ಎರಡು ಬಗೆ. ಕೆಲವದರಲ್ಲಿ ನಡುವಿನ ಕಡ್ಡಿಗೆ ಮಾತ್ರ ದುಬಾರಿ ಲೋಹ, ಮೇಲೆ ಬಾಗಿರುವ ಕೊಕ್ಕೆ ಬರೀ ನಿಕಲ್. ಕೊಕ್ಕೆ ಮೊದಲೇ ಸವೆಯುತ್ತದೆ, ಹಾಗಾಗಿ ಇವು ಲಕ್ಷ ಕಿ.ಮೀ. ಬಾಳುವಂಥವಲ್ಲ. ಕೊಕ್ಕೆಯ ಮೇಲೂ ಪ್ಲಾಟಿನಂ ಅಥವಾ ಇರಿಡಿಯಂ ಚುಕ್ಕೆ ಇರುವುದು ನಿಜವಾದ ದೀರ್ಘಾಯುಷಿ. ಎರಡು ಸಿಲಿಂಡರ್‌ಗೆ ಒಂದೇ ಕಾಯಿಲ್ ಇರುವ ಹಳೇ ಎಂಜಿನ್‌ಗಳಲ್ಲಿ ಅರ್ಧ ಪ್ಲಗ್‌ಗಳಿಗೆ ಕಿಡಿ ಕೊಕ್ಕೆಯಿಂದ ಕಡ್ಡಿಗೆ, ಉಲ್ಟಾ ಹಾರುತ್ತದೆ. ಅಲ್ಲಿ ಕೊಕ್ಕೆಯ ಸವೆತ ಇನ್ನೂ ಜಾಸ್ತಿ.

ಎರಡು, ಮೂರು, ನಾಲ್ಕು ಕೊಕ್ಕೆ ಇರುವ ಪ್ಲಗ್ ತೋರಿಸಿ “ನಾಲ್ಕು ಕಿಡಿ ಬರುತ್ತೆ” ಅಂದರೆ ನಗಬಹುದು. ಒಂದು ಸಲಕ್ಕೆ ಹಾರುವುದು ಒಂದೇ ಕಿಡಿ, ಯಾವ ಕೊಕ್ಕೆ ಹತ್ತಿರವೋ ಅಲ್ಲಿಗೆ. ಹೆಚ್ಚು ಕೊಕ್ಕೆ ಇದ್ದರೆ ಸವೆತ ಹಂಚಿಹೋಗುತ್ತದೆ, ಅಷ್ಟೇ ಲಾಭ.

## ಸಿಎನ್‌ಜಿ, ಟರ್ಬೊ, ಇ20

ಸಿಎನ್‌ಜಿ ಗಾಡಿಯವರು ಸ್ವಲ್ಪ ಬೇರೆ ಥರ ಯೋಚಿಸಬೇಕು. ಗ್ಯಾಸ್ ಮಿಶ್ರಣದಲ್ಲಿ ಕಿಡಿ ಹಾರಿಸಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಪ್ಲಗ್ ಬೇಗ ಸವೆಯುತ್ತದೆ, ಕಾಯಿಲ್ ಬೇಗ ದಣಿಯುತ್ತದೆ. ಪೆಟ್ರೋಲ್‌ನಲ್ಲಿ ಸರಿಯಾಗಿ ಓಡಿ, ಗ್ಯಾಸ್‌ಗೆ ಬದಲಿಸಿದ ಕೂಡಲೇ ಮಿಸ್ಸಿಂಗ್ ಶುರುವಾದರೆ ಮೊದಲ ಅನುಮಾನ ಪ್ಲಗ್ ಮೇಲೆ ಇರಲಿ. ಕಂಪನಿಯಿಂದಲೇ ಸಿಎನ್‌ಜಿ ಬಂದ ಕಾರಾದರೆ ಅದರ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಹಾಕಿ. ಪೆಟ್ರೋಲ್ ಮಾಡೆಲ್‌ನ ನಂಬರ್ ಬೇರೆ ಇರಬಹುದು. ಹೊರಗೆ ಕಿಟ್ ಕೂರಿಸಿದ್ದರೆ ಗ್ಯಾಪ್ ಸ್ವಲ್ಪ ಕಡಿಮೆ ಇಡುವುದು, ಬೇಗ ಬದಲಿಸುವುದು ಗ್ಯಾರೇಜುಗಳ ರೂಢಿ. ಅದು ಸರಿಯಾದ ರೂಢಿಯೇ.

ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಗ್ಯಾಪ್ ಸಾಮಾನ್ಯವಾಗಿ 0.7, 0.8ರ ಆಸುಪಾಸಿನಲ್ಲಿ ಇರುತ್ತದೆ. ಅಲ್ಲಿ 1.1 ಗ್ಯಾಪಿನ ಪ್ಲಗ್ ಹಾಕಿದರೆ ಜೋರಾಗಿ ಒತ್ತಿದಾಗ ಕಿಡಿ ಆರಿಹೋಗುತ್ತದೆ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ (ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ್ದು) ಬಿಡುಗಡೆ ಆದಮೇಲೆ ಪ್ಲಗ್ ಬದಲಿಸಬೇಕಾ ಎಂಬ ಪ್ರಶ್ನೆ ಸುಮಾರು ಜನ ಕೇಳಿದ್ದಾರೆ. ಇ20 ಹಾಕುತ್ತೇವೆ ಎಂಬ ಒಂದೇ ಕಾರಣಕ್ಕೆ ಪ್ಲಗ್ ನಂಬರ್ ಬದಲಿಸಬೇಡಿ.

## ಅಂಗಡಿಯಲ್ಲಿ

ನಂಬರನ್ನು ಮೊಬೈಲ್‌ನಲ್ಲಿ ಬರೆದುಕೊಂಡು ಹೋಗಿ. ಕಾರಿನ ಹೆಸರು ಹೇಳಬೇಡಿ, ನಂಬರ್ ಹೇಳಿ. “ಅದೇ ಬೇಕಾ, ಇದೂ ಆಗುತ್ತೆ” ಅಂದರೆ “ಅದೇ ಬೇಕಣ್ಣ, ಇಲ್ಲದಿದ್ದರೆ ನಾಳೆ ಬರ್ತೀನಿ” ಅನ್ನಿ.

ಪ್ಲಗ್‌ನಲ್ಲಿ ಡೂಪ್ಲಿಕೇಟ್ ಬಹಳ. ಬಾಕ್ಸ್ ತೆರೆದು ಪ್ಲಗ್ ಕೈಗೆ ತೆಗೆದುಕೊಳ್ಳಿ. ಪಿಂಗಾಣಿಯ ಮೇಲಿನ ಅಕ್ಷರ ಚೊಕ್ಕವಾಗಿರಬೇಕು, ಉಗುರಿನಲ್ಲಿ ಕೆರೆದರೆ ಹೋಗಬಾರದು. ಥ್ರೆಡ್ ನುಣುಪಾಗಿರಬೇಕು. ಕೊಕ್ಕೆ ಕಡ್ಡಿಯ ನೇರ ಮೇಲೆ ಕೂತಿರಬೇಕು, ಪಕ್ಕಕ್ಕೆ ಜಾರಿರಬಾರದು. ಥ್ರೆಡ್ಡಿನ ಬುಡದ ವಾಷರ್ ಸುತ್ತಬೇಕು, ಆದರೆ ಸುಲಭವಾಗಿ ಕಳಚಿ ಕೈಗೆ ಬರಬಾರದು. ನಾಲ್ಕೂ ಪ್ಲಗ್ ಸಾಲಾಗಿ ನಿಲ್ಲಿಸಿ ನೋಡಿದರೆ ಒಂದಕ್ಕೊಂದು ಹೋಲದಿರುವುದು ಬೇಗ ಕಾಣುತ್ತದೆ. ಬೆಲೆ ಎಲ್ಲ ಕಡೆಗಿಂತ ಅರ್ಧ ಇದ್ದರೆ ಇಷ್ಟೆಲ್ಲಾ ನೋಡುವ ಕೆಲಸವೇ ಇಲ್ಲ, ಬಿಟ್ಟು ಬನ್ನಿ.

ಮನೆಗೆ ಬರುವಾಗ ಕೈಜಾರಿ ಕಾಂಕ್ರೀಟ್ ನೆಲಕ್ಕೆ ಬಿದ್ದ ಪ್ಲಗ್ ಹಾಕಬೇಡಿ. ಒಳಗಿನ ಪಿಂಗಾಣಿಯ ಬಿರುಕು ಕಣ್ಣಿಗೆ ಕಾಣುವುದಿಲ್ಲ.

## ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಲಿ. ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಕೈಹಾಕುವುದು ಒಳ್ಳೆಯದು. ಹೆಡ್ ಅಲ್ಯೂಮಿನಿಯಂದು, ಬಿಸಿ ಇರುವಾಗ ಬಿಚ್ಚಿದರೆ ಥ್ರೆಡ್ ಕಿತ್ತುಬರುವ ಅಪಾಯ ಇದೆ.

ಬೇಕಾದ ಸಾಮಾನು: ಒಳಗೆ ರಬ್ಬರ್ ಅಥವಾ ಮ್ಯಾಗ್ನೆಟ್ ಇರುವ 16 ಅಥವಾ 14ರ ಪ್ಲಗ್ ಸಾಕೆಟ್, ಉದ್ದ ಎಕ್ಸ್‌ಟೆನ್ಷನ್, ಕಾಯಿಲ್ ಬೋಲ್ಟಿಗೆ ಸಾಮಾನ್ಯವಾಗಿ 10ರ ಸ್ಪ್ಯಾನರ್, ಗ್ಯಾಪ್ ಅಳೆಯಲು ಫೀಲರ್ ಗೇಜ್. ಎಷ್ಟು ಬಿಗಿಯಾಯಿತು ಅಂತ ತಿಳಿಸುವ ಟಾರ್ಕ್ ರೆಂಚ್ ಇದ್ದರೆ ಬಹಳ ಒಳ್ಳೆಯದು.

ಕಾಯಿಲ್ ಕನೆಕ್ಟರ್‌ನ ಪ್ಲಾಸ್ಟಿಕ್ ಲಾಕ್ ಹಳೇ ಗಾಡಿಯಲ್ಲಿ ಹಪ್ಪಳದ ಹಾಗೆ ಆಗಿರುತ್ತದೆ. ವೈರ್ ಹಿಡಿದು ಎಳೆಯದೆ, ಲಾಕ್ ಒತ್ತಿ ಕನೆಕ್ಟರ್ ಹಿಡಿದು ಬಿಡಿಸಿ. ಬೋಲ್ಟ್ ತೆಗೆದು ಕಾಯಿಲನ್ನು ಸ್ವಲ್ಪ ಅತ್ತಿತ್ತ ತಿರುಗಿಸಿ ಮೇಲೆ ಎತ್ತಿ.

ಈಗ ನಿಲ್ಲಿ. ಪ್ಲಗ್ ಇರುವ ಬಾವಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಧೂಳು, ಮರಳು, ಮರದ ಕೆಳಗೆ ನಿಲ್ಲಿಸುವ ಗಾಡಿಯಾದರೆ ಎಲೆ ಚೂರು, ಇಲಿ ಬಂದ ಗಾಡಿಯಾದರೆ ಇನ್ನೇನೇನೋ ಇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ನೀರೂ ನಿಂತಿರಬಹುದು. ಪ್ಲಗ್ ಬಿಚ್ಚಿದ ಕ್ಷಣ ಇದೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಸೈಕಲ್ ಪಂಪಿನಲ್ಲಿ ಜೋರಾಗಿ ಗಾಳಿ ಊದಿ, ನೀರಿದ್ದರೆ ಬಟ್ಟೆ ಬಿಟ್ಟು ಒರೆಸಿ, ಆಮೇಲೆ ಸಾಕೆಟ್ ಇಳಿಸಿ. ಬಾವಿಯಲ್ಲಿ ಎಂಜಿನ್ ಆಯಿಲ್ ನಿಂತಿದ್ದರೆ ವಾಲ್ವ್ ಕವರ್ ಸೀಲ್ ಹೋಗಿದೆ. ಅದನ್ನು ಸರಿಮಾಡದೆ ಹೊಸ ಪ್ಲಗ್ ಹಾಕಿದರೆ ಕಾಯಿಲ್‌ನ ರಬ್ಬರ್ ಬೂಟ್ ಊದಿಕೊಂಡು ಮತ್ತೆ ಇದೇ ಕಥೆ.

ಒಂದೊಂದೇ ಪ್ಲಗ್ ಬಿಚ್ಚಿ, 1, 2, 3, 4 ಅಂತ ಬರೆದ ನ್ಯೂಸ್‌ಪೇಪರ್ ಮೇಲೆ ಕ್ರಮವಾಗಿ ಇಡಿ. ತಿರುಗಲು ತುಂಬಾ ಹಟ ಮಾಡಿದರೆ ಬಲ ಹಾಕಬೇಡಿ. ಸ್ವಲ್ಪ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು, ಅರ್ಧ ಗಂಟೆ ಬಿಟ್ಟು, ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ತಿರುಗಿಸಿ.

## ಬಿಚ್ಚಿದ ಪ್ಲಗ್ ಹೇಳುವ ಕಥೆ

ನ್ಯೂಸ್‌ಪೇಪರ್ ಮೇಲಿನ ನಾಲ್ಕನ್ನೂ ಬಿಸಿಲಿಗೆ ಹಿಡಿದು ನೋಡಿ. ಮೂಗಿನ ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಎಂಜಿನ್ ಆರೋಗ್ಯವಾಗಿದೆ, ಹೀಟ್ ರೇಂಜೂ ಸರಿಯಾಗಿದೆ.

ಕೈಗೆ ಅಂಟುವ ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಪ್ಲಗ್ ಬೇಕಾದ್ದಕ್ಕಿಂತ ಕೋಲ್ಡ್. ಮಗುವನ್ನು ಸ್ಕೂಲಿಗೆ ಬಿಟ್ಟು ಎರಡು ಕಿಲೋಮೀಟರ್‌ಗೆ ವಾಪಸ್ ಬರುವ ಗಾಡಿಯಲ್ಲೂ ಹೀಗಾಗುತ್ತದೆ. ತುದಿ ಬಿಸಿಯಾಗುವ ಮೊದಲೇ ಎಂಜಿನ್ ಆಫ್. ಜಿಡ್ಡು ಜಿಡ್ಡಾದ ಕಪ್ಪಾದರೆ ಎಂಜಿನ್ ಆಯಿಲ್ ಮೇಲೆ ಬರುತ್ತಿದೆ. ರಿಂಗ್ ಅಥವಾ ವಾಲ್ವ್ ಸೀಲ್ ಕೆಲಸ ಕಾದಿದೆ. ಸುಣ್ಣದ ಹಾಗೆ ಬಿಳಿ, ಮೇಲೆ ಗುಳ್ಳೆ ಎದ್ದಿದ್ದರೆ ಅತಿ ಬಿಸಿ. ಪ್ಲಗ್ ಬೇಕಾದ್ದಕ್ಕಿಂತ ಹಾಟ್, ಅಥವಾ ಪೆಟ್ರೋಲ್ ಕಡಿಮೆ ಹೋಗುತ್ತಿದೆ. ಇದನ್ನು ಮಾತ್ರ ನಾಳೆಗೆ ಮುಂದೂಡಬೇಡಿ.

ನಾಲ್ಕೂ ಒಂದೇ ಥರ ಇದ್ದರೆ ತೊಂದರೆ ಇಡೀ ಎಂಜಿನ್‌ನದು. ಮೂರು ಚೆನ್ನಾಗಿದ್ದು ಒಂದೇ ಕೆಟ್ಟಿದ್ದರೆ ಆ ಸಿಲಿಂಡರ್‌ನದು. ಅದಕ್ಕೇ ಕ್ರಮವಾಗಿ ಇಡಿ ಎಂದದ್ದು.

ಹೊರಗಿನ ಪಿಂಗಾಣಿಯ ಬುಡದಲ್ಲಿ ಸುತ್ತ ಕಂದು ಕಲೆ ಕಂಡು “ಪ್ಲಗ್ ಲೀಕ್ ಆಗಿದೆ” ಎಂದು ಹೆದರಿಸುವವರಿದ್ದಾರೆ. ಅದು ಲೀಕ್ ಅಲ್ಲ. ಹೈ ವೋಲ್ಟೇಜ್ ಸುತ್ತ ಗಾಳಿಯಲ್ಲಿರುವ ಎಣ್ಣೆ, ಧೂಳು ಅಂಟಿಕೊಂಡು ಆದ ಕಲೆ, ತೊಂದರೆ ಇಲ್ಲ. ಆದರೆ ಪಿಂಗಾಣಿಯ ಮೇಲೆ ಉದ್ದುದ್ದ ಪೆನ್ಸಿಲ್ ಗೆರೆಯ ಹಾಗೆ ಕಪ್ಪು ಗೀಟು ಇದ್ದರೆ ಕಿಡಿ ಹೊರಗಿನಿಂದ ಹಾರಿದೆ. ಬೂಟ್ ಕೂಡ ಬದಲಿಸಿ, ಇಲ್ಲದಿದ್ದರೆ ಹೊಸ ಪ್ಲಗ್ಗಿನ ಮೇಲೂ ಅದೇ ಗೀಟು ಬೀಳುತ್ತದೆ.

## ಹಾಕುವುದು

ಮೊದಲು ಹೊಸ ಪ್ಲಗ್ಗಿನ ಥ್ರೆಡ್ ಉದ್ದವನ್ನು ಹಳೇದರ ಪಕ್ಕ ಹಿಡಿದು ನೋಡಿ. ಹಳೇದೇ ತಪ್ಪಾದದ್ದು ಇರಬಹುದು, ಅದಕ್ಕೆ ಮ್ಯಾನ್ಯುಯಲ್ ನಂಬರನ್ನೂ ಒಮ್ಮೆ ಹೊಂದಿಸಿ. ನಾನು ಈ ಹತ್ತು ಸೆಕೆಂಡ್ ಉಳಿಸಿಕೊಂಡಿದ್ದೆ.

ಗ್ಯಾಪ್ ಫ್ಯಾಕ್ಟರಿಯಿಂದಲೇ ಸರಿಯಾಗಿ ಬರುತ್ತದೆ, ಆದರೂ ಅಳೆಯಿರಿ. ನಿಕಲ್ ಆದರೆ ಬೇಕಿದ್ದರೆ ಕೊಕ್ಕೆಯನ್ನು ಮಾತ್ರ ಮೆಲ್ಲಗೆ ಬಗ್ಗಿಸಿ. ಇರಿಡಿಯಂ ಆದರೆ ಗೇಜನ್ನು ಒಳಗೆ ತುರುಕಬೇಡಿ, ಕೂದಲೆಳೆಯಂಥ ತುದಿ ಮುರಿಯುತ್ತದೆ. ಗ್ಯಾಪ್ ತಪ್ಪಿದ್ದರೆ ಅಂಗಡಿಗೆ ವಾಪಸ್ ಕೊಡಿ. ಹಳೇ ಇರಿಡಿಯಂ ಪ್ಲಗ್ಗನ್ನು ವೈರ್ ಬ್ರಷ್‌ನಲ್ಲಿ, ಮರಳು ಕಾಗದದಲ್ಲಿ ಉಜ್ಜುವುದೂ ಇದೇ ಕಾರಣಕ್ಕೆ ಬೇಡ.

ಥ್ರೆಡ್ಡಿಗೆ ಗ್ರೀಸ್, ಆಯಿಲ್ ಏನೂ ಬೇಡ. ಈಗಿನ ಬಹುತೇಕ ಪ್ಲಗ್‌ಗಳ ಮೇಲೆ ಹಿಡಿದುಕೊಳ್ಳದಂತೆ ಲೇಪನ ಇರುತ್ತದೆ. ಜಾರು ಹಚ್ಚಿದರೆ ಟಾರ್ಕ್ ರೆಂಚಿನ ಲೆಕ್ಕ ತಪ್ಪಿ ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯಾಗುತ್ತದೆ.

ಒಂದು ಗೇಣು ರಬ್ಬರ್ ಪೈಪ್‌ನ ತುದಿಗೆ ಪ್ಲಗ್ಗಿನ ತಲೆ ಸಿಕ್ಕಿಸಿ, ಅದನ್ನೇ ಬಾವಿಗೆ ಇಳಿಸಿ ಬೆರಳಲ್ಲಿ ತಿರುಗಿಸಿ. ಥ್ರೆಡ್ ಸರಿಯಾಗಿ ಕೂತರೆ ಸಲೀಸಾಗಿ ಇಳಿಯುತ್ತದೆ. ಅಡ್ಡ ಕೂತರೆ ಪೈಪ್ ಜಾರುತ್ತದೆ, ಹೆಡ್‌ಗೆ ಏನೂ ಆಗುವುದಿಲ್ಲ. ಸ್ಪ್ಯಾನರ್‌ನಲ್ಲಿ ಶುರುಮಾಡಿದರೆ ಅದು ಅಡ್ಡ ಥ್ರೆಡ್ಡನ್ನೂ ಕೊರೆದುಕೊಂಡು ಹೋಗುತ್ತದೆ. “ಥ್ರೆಡ್ ಹೋಯ್ತು” ಎಂದು ಮೆಕ್ಯಾನಿಕ್ ಹೇಳುವ ದಿನ ಅದು.

ಬೆರಳಿಗೆ ಬಿಗಿಯಾದ ಮೇಲೆ ಟಾರ್ಕ್ ರೆಂಚ್ ತೆಗೆದುಕೊಳ್ಳಿ. ವಾಷರ್ ಇರುವ ಪ್ಲಗ್, ಅಲ್ಯೂಮಿನಿಯಂ ಹೆಡ್ ಆದರೆ 14 ಮಿ.ಮೀ. ಥ್ರೆಡ್ಡಿಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15ರಿಂದ 20, 10 ಮಿ.ಮೀ.ಗೆ 10ರಿಂದ 12. ನಿಮ್ಮ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಅಂತಿಮ. ರೆಂಚ್ ಇಲ್ಲವಾ? ಹೊಸ 14 ಮಿ.ಮೀ. ಪ್ಲಗ್ಗನ್ನು ಬೆರಳಿನ ಬಿಗಿಯಿಂದ ಅರ್ಧ ಸುತ್ತು, ಜಾಸ್ತಿ ಎಂದರೆ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ತಿರುಗಿಸಿ. ವಾಷರ್ ಹಿಸುಕಿಕೊಳ್ಳುವುದು ಕೈಗೆ ತಿಳಿಯುತ್ತದೆ. ಅದೇ ಪ್ಲಗ್ಗನ್ನು ಬಿಚ್ಚಿ ಮತ್ತೆ ಹಾಕುವಾಗ ವಾಷರ್ ಆಗಲೇ ಹಿಸುಕಿರುತ್ತದೆ, ಗಡಿಯಾರದ ಒಂದು ಗಂಟೆಯಷ್ಟು ತಿರುಗಿಸಿದರೆ ಸಾಕು. ಸಡಿಲ ಬಿಟ್ಟರೂ ಕಷ್ಟ. ಪ್ಲಗ್ಗಿನ ಬಿಸಿ ಇಳಿದುಹೋಗುವುದು ಆ ವಾಷರ್ ಮತ್ತು ಥ್ರೆಡ್ ಮೂಲಕವೇ. ಸಡಿಲ ಇದ್ದರೆ ಎಷ್ಟೇ ಸರಿಯಾದ ಹೀಟ್ ರೇಂಜ್ ಆದರೂ ತುದಿ ಕಾದು ಕೆಂಡವಾಗುತ್ತದೆ.

ಬೂಟ್ ಒಳಗೆ ಚೂರೇ ಚೂರು ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಯದ ಗ್ರೀಸ್) ಸವರಿ ಕಾಯಿಲ್ ಒತ್ತಿ ಕೂರಿಸಿ. ಬೋಲ್ಟ್, ಕನೆಕ್ಟರ್ ಹಾಕಿ. ಕನೆಕ್ಟರ್ ಕೂತಾಗ ‘ಟಕ್’ ಎನ್ನಬೇಕು.

ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಎರಡು ನಿಮಿಷ ಬಿಡಿ. ನಡುಗಿದರೆ ಮೊದಲು ಕನೆಕ್ಟರ್‌ಗಳನ್ನು ಒತ್ತಿ ನೋಡಿ, ಹತ್ತಕ್ಕೆ ಎಂಟು ಸಲ ಅಲ್ಲೇ ಇರುತ್ತದೆ. ಆಮೇಲೆ ಒಂದು ಏರು ರಸ್ತೆ ಹುಡುಕಿ ಮೂರನೇ ಗೇರಿನಲ್ಲಿ ಹತ್ತಿಸಿ.

ಬಾನೆಟ್ ಮುಚ್ಚುವ ಮೊದಲು ಬಿಳಿ ಟೇಪ್‌ನ ಒಂದು ತುಂಡಿನ ಮೇಲೆ ಪ್ಲಗ್ ನಂಬರ್, ಗ್ಯಾಪ್, ಇವತ್ತಿನ ತಾರೀಖು, ಮೀಟರ್‌ನಲ್ಲಿರುವ ಕಿಲೋಮೀಟರ್ ಬರೆದು ರೇಡಿಯೇಟರ್ ಮೇಲಿನ ಪಟ್ಟಿಗೆ ಅಂಟಿಸಿ. ನನ್ನ ಗಾಡಿಯಲ್ಲಿ ಈಗ ಅಂಥ ಮೂರು ಟೇಪ್ ಇವೆ. ಮೂರರಲ್ಲೂ ಒಂದೇ ನಂಬರ್.